ಹಸೆಗೋಡೆಯ ಬಲಮಗ್ಗುಲು

ಅಣ್ಣನ ಮಗಳ ಮದುವೆಗೆ ಒಂದು ವಾರ ಇದೆ ಎನ್ನುವಾಗ ಅತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಸುದ್ದಿ ತಿಳಿದಾಗ ನಾನು ಸಾಗರದ ಪೇಟೆಯಲ್ಲಿ, ನನ್ನ ಸೀರೆ ಅಂಗಡಿಯಲ್ಲಿದ್ದೆ. ಇಕ್ಕೇರಿ ಹಾದು ಅಣ್ಣನ ಊರು ಸೇರುವಷ್ಟರಲ್ಲಿ ಆಸ್ಪತ್ರೆಗೆ ಹೋಗಿದ್ದವರು ವಾಪಸು ಬಂದಿದ್ದರು. ಅತ್ತಿಗೆ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಮೊಣಕೈಯವರೆಗೆ ಬ್ಯಾಂಡೇಜು, ಅದನ್ನು ಹೊತ್ತು ಕುತ್ತಿಗೆಗೆ ಕಟ್ಟಿದ ಹಳೇ ಸೀರೆಯ ಜೋಲಿ. ಕಣ್ಣು ಮಾತ್ರ ಎದುರಿನ ಗೋಡೆಯ ಮೇಲೆ.

ನಮ್ಮ ಕಡೆ ಮದುವೆಮನೆಯ ಒಂದು ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಹಸೆಗೋಡೆ ಎನ್ನುವುದು ಅದಕ್ಕೇ. ಮದುವಣಗಿತ್ತಿಯನ್ನು ಕೂರಿಸುವುದು ಅದರ ಮುಂದೆ. ಬರೆಯುವವಳು ಮನೆಯ ಹೆಣ್ಣೇ ಆಗಬೇಕೆಂಬುದು ನಮ್ಮ ಮನೆಯ ರೂಢಿ. ಅತ್ತಿಗೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಾದ ಚಿತ್ತಾರಗಿತ್ತಿ. ಬೇರೆಯವರ ಮನೆಯ ಎಷ್ಟೋ ಗೋಡೆ ಬರೆದವರಿಗೆ ಸ್ವಂತ ಮಗಳ ಗೋಡೆ ಬರೆಯುವ ಹೊತ್ತಿಗೆ ಕೈ ಹೋಗಿತ್ತು.

ಅಣ್ಣನಿಗೆ ಇದು ದೊಡ್ಡ ವಿಷಯವೇ ಅಲ್ಲ. "ಫ್ಲೆಕ್ಸ್ ಮಾಡ್ಸಿದ್ರಾಯ್ತಪ. ಪೇಟೇಲಿ ಫ್ಲೆಕ್ಸಿನವ್ನ ಹತ್ರ ಡಿಸೈನ್ ಇದ್ದು, ವಾಟ್ಸಾಪಿಗೆ ಕಳ್ಸಿಯೂ ಆಯ್ತು. ಗೋಡೆಗಿಂತ ಫೋಟೋದಲ್ಲಿ ಅದೇ ಚಂದ ಕಾಣ್ತು."

ಮಗಳು ಒಳಗಿನಿಂದಲೇ ಉತ್ತರ ಕೊಟ್ಟಳು. "ಫ್ಲೆಕ್ಸ್ ಮುಂದೆ ಕೂರೋಕೆ ನಾನೆಂತ ಎಲೆಕ್ಷನ್ನಿಗೆ ನಿಂತಿದೀನಾ?"

ಆಮೇಲೆ ಹೊರಗೆ ಬಂದು ನನ್ನ ಎದುರು ನಿಂತಳು. "ಅತ್ತೆ, ನೀನು ಬರಿ."

ನಾನು ನಕ್ಕುಬಿಟ್ಟೆ. ಹುಡುಗಿ ನಗಲಿಲ್ಲ. ನಗದ ಇನ್ನೊಬ್ಬರೂ ಅಲ್ಲಿದ್ದರು. ಅತ್ತಿಗೆ ನನ್ನ ಬೆರಳುಗಳನ್ನು ನೋಡುತ್ತಿದ್ದರು, ಸಂತೆಯಲ್ಲಿ ದನದ ಹಲ್ಲು ನೋಡಿದ ಹಾಗೆ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಗೆರೆ ಎಳೆದವಳಲ್ಲ, ಮಾತು ಎಳೆದವಳು. ಅರಳಸುರಳಿಯ ಕಡೆಯ ಮನೆಗಳಿಂದ ಹಿಡಿದು ಸಿಗಂದೂರಿನ ಲಾಂಚಿನವರೆಗೆ ತಲೆಯ ಮೇಲೆ ಸೀರೆಗಂಟು ಹೊತ್ತು ತಿರುಗಿ, ಕೊನೆಗೆ ಪೇಟೆಯಲ್ಲಿ ಬಾಗಿಲು ತೆರೆದವಳು. ಆ ಲಾಂಚು ಹಿನ್ನೀರು ದಾಟುವಷ್ಟರಲ್ಲಿ, ದೇವಿಗೆ ಕೈಮುಗಿಯಲು ಹೊರಟ ಹೆಂಗಸಿಗೆ ಸೀರೆ ಮಾರಿ ಮುಗಿಸಬೇಕಿತ್ತು. ಆಚೆ ದಡ ಸಿಕ್ಕಿತೆಂದರೆ ಗಿರಾಕಿ ಹೋದಳು. ಆ ಲಾಂಚಿನ ಮೇಲೆ ಕಲಿತದ್ದರಲ್ಲೇ ನಾನು ಇವತ್ತಿಗೂ ಬದುಕುತ್ತಿದ್ದೇನೆ.

ಗಂಡಿನ ಕಡೆಯವರು ಹೊಸನಗರದವರು. ಗಂಡಿನ ಅಜ್ಜಿಯೂ ಚಿತ್ತಾರಗಿತ್ತಿಯೇ. ನಿಶ್ಚಯಕ್ಕೆ ಬಂದಾಗ ಊಟಕ್ಕೂ ಮೊದಲು ಕೇಳಿದ್ದು, "ಹಸೆ ಬರಿಯೋದು ಯಾರು?" ಎಂದು. ಅತ್ತಿಗೆ ಎದೆಯುಬ್ಬಿಸಿ "ನಾನೇ" ಅಂದಿದ್ದರು. ಆ "ನಾನೇ" ಈಗ ಜೋಲಿಯಲ್ಲಿ ತೂಗುತ್ತಿತ್ತು. ಅದನ್ನು ಉಳಿಸಬೇಕಿತ್ತು. ನಾನು ಅಂಗಡಿಯನ್ನು ಕೆಲಸದ ಹುಡುಗಿಗೆ ಒಪ್ಪಿಸಿ ಉಳಿದುಬಿಟ್ಟೆ.

ಮೊದಲು ಕೊಟ್ಟಿಗೆಯ ಹಿಂಗೋಡೆಯಲ್ಲಿ ಅಭ್ಯಾಸ. ಪುಂಡಿನಾರು ಜಜ್ಜಿ ಮಾಡಿದ ಕುಂಚ ಕೈಗೆ ಕೊಟ್ಟ ಅತ್ತಿಗೆ ಕುರ್ಚಿ ತರಿಸಿ ಕೂತರು. ನಾನು ವ್ಯಾಪಾರದವಳು, ನೇರ ವಿಷಯಕ್ಕೇ ಬಂದೆ.

"ಅತ್ಗೆ, ಗೆರೆಗೂ ಗೆರೆಗೂ ಎಷ್ಟು ಜಾಗ ಬಿಡ್ಬೇಕು?"

"ಇರ್ಬೇಕಾದಷ್ಟು."

"ಹಿಟ್ಟು ಎಷ್ಟು ಗಟ್ಟಿ ಇರ್ಬೇಕು?"

"ಕುಂಚ ಕುಡಿಯೋ ಅಷ್ಟು."

"ಅದು ಗೊತ್ತಾಗೋದು ಹೆಂಗೆ?"

"ಬರೀತಾ ಬರೀತಾ ಗೊತ್ತಾಗ್ತು. ಎಂತಕ್ಕೆ ಇಷ್ಟು ಪ್ರಶ್ನೆ? ವಕೀಲರ ಮನೆಗೆ ಬಂದಿದ್ದಾ?"

ಅವರು ಮುಚ್ಚಿಡುತ್ತಿರಲಿಲ್ಲ, ಇದನ್ನು ಅವರ ಪರವಾಗಿ ಹೇಳಲೇಬೇಕು. ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ, ಅಷ್ಟೆ. ಒಳ್ಳೆಯ ಅಡುಗೆಯವಳನ್ನು ಉಪ್ಪೆಷ್ಟು ಎಂದು ಕೇಳಿ ನೋಡಿ, ಅವಳೂ ತಬ್ಬಿಬ್ಬಾಗುತ್ತಾಳೆ. ಕಲಿಯಲು ಹೋದವರಲ್ಲಿ ಎಷ್ಟೋ ಮಂದಿ ಇಲ್ಲಿಂದಲೇ ತಿರುಗಿ ಬರುತ್ತಾರೆ, "ಅವರಿಗೆ ಹೇಳಿಕೊಡುವ ಮನಸ್ಸಿಲ್ಲ" ಎಂದುಕೊಂಡು. ನೀವು ಹಾಗೆ ಬರಬೇಡಿ. ಇನ್ನೊಂದು ಬಾಗಿಲಿದೆ.

ಅದನ್ನು ನನಗೆ ತೋರಿಸಿದ್ದು ಲಾಂಚು. ಹೆಂಗಸು ಸೀರೆ ನೋಡಿ ಸುಮ್ಮನೆ ನಿಂತರೆ, "ಎಂಥದು ಬೇಕಮ್ಮ?" ಎಂದು ಕೇಳುವಂತಿಲ್ಲ. ಕೇಳಿದರೆ "ಎಂಥದೂ ಬೇಡ" ಎನ್ನುತ್ತಾಳೆ. ಅದರ ಬದಲು, "ನಿಮಗೆ ಕಡು ಬಣ್ಣ ಒಪ್ಪಲ್ಲ, ಬಿಡಿ" ಎಂದು ಮಡಿಚಿಡಲು ಹೋಗಬೇಕು. ತಕ್ಷಣ ಬಾಯಿ ಬಿಡುತ್ತಾಳೆ. "ಯಾಕೆ ಒಪ್ಪಲ್ಲ? ಅಂಚು ಸಣ್ಣ ಇದ್ರೆ ಒಪ್ತದೆ." ತನ್ನ ಎದುರು ತಪ್ಪೊಂದು ಆರಾಮಾಗಿ ನಿಂತಿರುವುದನ್ನು ಮನುಷ್ಯ ಸಹಿಸುವುದಿಲ್ಲ. ಗೊತ್ತಿರುವವರಂತೂ ಸಹಿಸುವುದೇ ಇಲ್ಲ.

ಹಾಗಾಗಿ ಕೇಳುವುದನ್ನು ನಿಲ್ಲಿಸಿದೆ. ಬೇಕೆಂದೇ ತಪ್ಪಾಗಿ ಬರೆಯತೊಡಗಿದೆ. ಮೂಲೆಯಲ್ಲಿ ಹೊರಗೆರೆಯನ್ನು ಮೊದಲು ತಿರುಗಿಸಿದೆ.

"ಅಯ್ಯೋ ಮಾರಾಯ್ತಿ! ಗೆರೆ ಒಂದಕ್ಕೊಂದು ಗುದ್ದಾಡ್ತಾವೆ! ಒಳಗಿಂದು ಮೊದ್ಲು ತಿರುಗ್ಬೇಕು, ಹೊರಗಿಂದು ಅದ್ರ ಬೆನ್ನು ಹಿಡ್ಕಂಡು ಬರ್ಬೇಕು."

ಮೂಲೆಯ ಗುಟ್ಟು ಸಿಕ್ಕಿತು. ಹಿಟ್ಟನ್ನು ದೋಸೆಹಿಟ್ಟಿನಷ್ಟು ಗಟ್ಟಿ ಮಾಡಿದೆ. "ಒಣಗಿದ್ ಮೇಲೆ ಹಪ್ಪಳದಂಗೆ ಎದ್ದು ಬರ್ತು. ನೀರುಮಜ್ಜಿಗೆ ಥರ ಇರ್ಬೇಕು!" ಅದೂ ಸಿಕ್ಕಿತು. ಕುಂಚವನ್ನು ಪೆನ್ನಿನ ಹಾಗೆ ಹಿಡಿದೆ. ಅತ್ತಿಗೆ ಕುರ್ಚಿಯಿಂದ ಅರ್ಧ ಎದ್ದು, ಜೋಲಿ ಎಳೆದು ನೋವಾಗಿ, "ಹಾಳಾದವ್ಳೆ" ಎಂದು ನನ್ನನ್ನೂ ಕೈಯನ್ನೂ ಒಟ್ಟಿಗೆ ಬೈದು, ಎಡಗೈಯಲ್ಲಿ ಹಿಡಿದು ತೋರಿಸಿದರು. ದಿನಕ್ಕೆ ಹತ್ತಾರು ಬೈಗುಳ ತಿಂದೆ. ಒಂದೊಂದು ಬೈಗುಳದ ಒಳಗೂ ಒಂದೊಂದು ಪಾಠವಿತ್ತು. ನನ್ನ ಮಟ್ಟಿಗೆ ಅದು ಲಾಭದ ವ್ಯಾಪಾರ.

ಆಮೇಲೆ ಜಗಲಿಯ ಗೋಡೆಗೆ ಬಂದೆವು. ಎಡ ಅರ್ಧವನ್ನು ಬರೆದು ಮುಗಿಸಿದೆ. ಗೆರೆಗಳು ನೇರವಾಗಿದ್ದವು, ಮೂಲೆಗಳು ಕೂಡಿದ್ದವು. ಬಲ ಅರ್ಧದಲ್ಲಿ ಮೊದಲು ಒಂದು ಗೋಡೆಗೂಡು ಇತ್ತು. ಮದುವೆಗೆಂದು ಈಚೆಗೆ ಅದನ್ನು ಮುಚ್ಚಿಸಿ ಗಾರೆ ಮಾಡಿಸಿದ್ದರು. ಆ ಭಾಗಕ್ಕೆ ಕೆಮ್ಮಣ್ಣು ಬಳಿದದ್ದು ತಡವಾಗಿ. ಅದು ಒಣಗಲಿ ಎಂದು ಕಾಯುತ್ತಿರುವಾಗ ಅಂಗಡಿಯ ಹುಡುಗಿ ಫೋನು ಮಾಡಿದಳು. ಅಂಗಳದ ತುದಿಗೆ ಹೋಗಿ ಮಾತಾಡಿದೆ. ಚಿತ್ತಾರ ಹೇಗೆ ಕಲಿತಿರಿ ಅಕ್ಕ, ಎಂದು ಕೇಳಿದಳು. ಗೆದ್ದ ಹುರುಪು, ಹೇಳಿಬಿಟ್ಟೆ.

"ಕೇಳಿದ್ರೆ ಅತ್ಗೆ ಬಾಯಿಂದ ಒಂದಕ್ಷರ ಹೊರಡಲ್ಲ ಮಾರಾಯ್ತಿ. ಬೇಕಂತ ತಪ್ಪು ಹಾಕ್ಬೇಕು, ಆವಾಗ ಓಡಿ ಬಂದು ಹೇಳ್ತಾರೆ. ನಮ್ ಗಿರಾಕಿಗಳು ಇಲ್ವಾ, ಹಂಗೇ."

ತಿರುಗಿದರೆ ಅತ್ತಿಗೆ ತುಳಸಿಕಟ್ಟೆಯ ಹತ್ತಿರ ನಿಂತಿದ್ದರು. ಸರ್ರನೆ ಒಳಗೆ ಹೋದರು.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಎಲೆಯ ಕಡೆ ನೋಡದೆ ಮಗಳಿಗೆ ಹೇಳಿದರು: "ನಿನ್ ಅತ್ತೆಗೆ ಹುಳಿ ಬಡ್ಸು. ಬೇಕಾ ಅಂತ ಕೇಳ್ಬೇಡ. ಕೇಳಿ ತಗಳೋ ಅಭ್ಯಾಸ ಇಲ್ಲೆ ಅವ್ಳಿಗೆ."

ಅಣ್ಣನಿಗೆ ಏನೂ ಅರ್ಥವಾಗಲಿಲ್ಲ. ಕೈ ತೊಳೆದು ಬಂದು ಗೋಡೆ ನೋಡಿದ. "ಅರ್ಧ ಆಯ್ತು, ಸರಿ. ನಾಡಿದ್ದು ಮದ್ವೆ. ನಾಳೆ ಸಂಜೆಯೊಳಗೆ ಇನ್ನರ್ಧ ಆಗ್ಲಿಲ್ಲ ಅಂದ್ರೆ ಫ್ಲೆಕ್ಸಿನವ್ನಿಗೆ ಹೂಂ ಅಂತೀನಿ. ಅರ್ಧ ಗೋಡೆ ತೋರ್ಸಿ ಹೊಸನಗರದವ್ರ ಎದುರು ನಗೆಪಾಟಲು ಆಗಕ್ಕಾಗಲ್ಲ." ಮದುವಣಗಿತ್ತಿ ಎಲೆ ತೆಗೆಯುತ್ತಿದ್ದವಳು ಹಾಗೇ ನಿಂತಳು. ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು.

ಮರುದಿನ ಬೆಳಿಗ್ಗೆ ಮೋಡ ಕಟ್ಟಿತ್ತು. ಬೆರಳ ಹಿಂಭಾಗ ತಾಗಿಸಿ ಬಲಮಗ್ಗುಲನ್ನು ಪರೀಕ್ಷಿಸಿದೆ. ಬಟ್ಟೆಯ ಪಸೆ ನನ್ನ ಬೆರಳಿಗೆ ಗೊತ್ತು, ಗೋದಾಮಿನಲ್ಲಿ ಒದ್ದೆ ಹಿಡಿದ ಸೀರೆಯನ್ನು ಕಟ್ಟಿನ ನಡುವಿನಿಂದಲೇ ಎಳೆದು ತೆಗೆಯುವವಳು ನಾನು. ಗೋಡೆ ಒಣಗಿದೆ ಎಂದು ಬೆರಳು ಹೇಳಿತು. ಬರೆಯಲು ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಯಾರೋ ನಿಂತ ಹಾಗಾಯಿತು. ಅತ್ತಿಗೆ ನಡುಬಾಗಿಲಲ್ಲಿ ನಿಂತು ಗೋಡೆ ನೋಡುತ್ತಿದ್ದರು. ನಾನು ಬೇಕೆಂದೇ ಒಂದು ಗೆರೆ ಓರೆಯಾಗಿ ಎಳೆದೆ. ಬೈಯುತ್ತಾರೆ, ಬೈದರೆ ಎಲ್ಲ ಸರಿಹೋಗುತ್ತದೆ ಎಂಬ ಲೆಕ್ಕ. ಬೈಯಲಿಲ್ಲ. ತುಟಿ ಅಲುಗಿದ ಹಾಗೆ ಕಂಡಿತು. ಆಮೇಲೆ ಬಾಗಿಲು ಖಾಲಿ.

ಓರೆ ಗೆರೆಯನ್ನು ಒರೆಸಿ ಕೆಲಸ ಮುಂದುವರಿಸಿದೆ. ಕಾಫಿ ಕುಡಿದು ಬಂದು ನೋಡುತ್ತೇನೆ, ಗೆರೆಗಳ ಅಂಚು ಮಸುಕಾಗಿದೆ. ಕಣ್ಣು ಹತ್ತಿರ ಒಯ್ದೆ. ಬಿಳಿಯ ಒಳಗೆ ಕೆಂಪು ಇಳಿಯುತ್ತಿತ್ತು. ಮೇಲ್ಗಡೆ ಒಣಗಿದ್ದ ಕೆಮ್ಮಣ್ಣು ಒಳಗೆ ಹಸಿಯಾಗಿತ್ತು, ಹೊಸ ಗಾರೆ ಇನ್ನೂ ನೀರು ಬಿಡುತ್ತಿತ್ತು. ನಿಂತು ನೋಡುತ್ತಿರುವಂತೆಯೇ ಗೆರೆಗೆರೆಯೂ ಕೆಂಪಾಗುತ್ತ ಹೋಯಿತು, ಅಗ್ಗದ ಸೀರೆ ಮೊದಲ ನೀರಿಗೆ ಬಣ್ಣ ಬಿಟ್ಟ ಹಾಗೆ. ಎಡಗಡೆ ಹಾಲಿನಂಥ ಬಿಳಿ, ಬಲಗಡೆ ಗಾಯಕ್ಕೆ ಕಟ್ಟಿದ ಬಟ್ಟೆಯ ಬಣ್ಣ. ಮದುವಣಗಿತ್ತಿ ಕೂರುವ ಗೋಡೆ ಅದು.

ಅತ್ತಿಗೆ ಬಾಗಿಲಲ್ಲಿ ನಿಂತದ್ದು, ತುಟಿ ಅಲುಗಿದ್ದು, ಎಲ್ಲ ಆಗ ನೆನಪಾಯಿತು. ನೇರ ಹಿತ್ತಿಲಿಗೆ ಹೋದೆ. ಅವರು ಒರಳುಕಲ್ಲಿನ ಮೇಲೆ ಕೂತಿದ್ದರು.

"ಗೋಡೆ ಹಸಿ ಇದ್ದಿದ್ದು ನಿಮ್ಗೆ ಕಂಡಿತ್ತಾ?"

"ಕಂಡಿತ್ತು."

"ಹೇಳ್ಲಿಲ್ಲ?"

"ತಪ್ಪು ಮಾಡಿ ಕಲಿಯೋಳಲ್ವಾ ನೀನು? ಕಲಿ. ಗಿರಾಕಿ ಬಂದು ಅಂಗ್ಡಿಯವ್ಳಿಗೆ ಬುದ್ಧಿ ಹೇಳ್ತಾಳಾ?"

"ನಿಮ್ ಮಗ್ಳ ಮದ್ವೆ ಅತ್ಗೆ! ನಂದಲ್ಲ!"

"ಗೊತ್ತು ನಂಗೆ!" ಅವರ ದನಿ ಸೀಳಿತು. "ಅದ್ಕೇ ಹೊಟ್ಟೆ ಉರೀತಿರೋದು. ಈ ಬ್ಯಾಂಡೇಜು ಬಿಚ್ಚಿದ್ ಮೇಲೆ ಕೈ ಮೊದ್ಲಿನಂಗೆ ಕುಂಚ ಹಿಡಿತದಾ, ಡಾಕ್ಟ್ರೂ ಹೇಳ್ತಿಲ್ಲ. ನನ್ ಹತ್ರ ಇದ್ದಿದ್ದೆಲ್ಲ ನಂಗೇ ಗೊತ್ತಾಗ್ದಂಗೆ ತಗಂಡ್ಯಲ್ಲೇ. ಕೇಳಿ ತಗಂಡಿದ್ರೆ ನಾನು ಕೊಟ್ಟೆ ಅಂತಾದ್ರೂ ಆಗ್ತಿತ್ತು."

ನನಗೂ ಸಿಟ್ಟು ಬಂದಿತ್ತು. "ಕೇಳಿದ್ನಲ್ಲ? 'ಇರ್ಬೇಕಾದಷ್ಟು' ಅಂದ್ರಿ. 'ಕುಂಚ ಕುಡಿಯೋ ಅಷ್ಟು' ಅಂದ್ರಿ."

"ಇನ್ನೊಂದ್ಸಲ ಕೇಳ್ಬೇಕಿತ್ತು. ನಿನ್ ಅಂಗ್ಡೀಲಿ ಗಿರಾಕಿ ಒಂದ್ಸಲ ಬೇಡ ಅಂದ್ರೆ ಬಿಟ್ಟುಬಿಡ್ತಿಯಾ?"

ವ್ಯಾಪಾರದಲ್ಲಿ ಇದುವರೆಗೆ ನನ್ನ ಬಾಯಿ ಕಟ್ಟಿದವರು ಬೆರಳೆಣಿಕೆಯ ಮಂದಿ. ಅತ್ತಿಗೆ ಆ ಸಾಲಿಗೆ ಸೇರಿದರು.

ಹಿತ್ತಿಲಲ್ಲಿ ನಿಂತು ನಾನು ಯೋಚಿಸಿದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ಕಲಿಯುವ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಉಪಾಯದಿಂದ ವಿದ್ಯೆ ಎಳೆದುಕೊಳ್ಳಬಹುದು. ಅದು ಸುಳ್ಳಲ್ಲ, ನನ್ನ ಎಡಗೋಡೆಯೇ ಸಾಕ್ಷಿ. ಆದರೆ ಉಪಾಯಕ್ಕೆ ಸಿಗುವುದು ನೀವು ಮಾಡಿದ ತಪ್ಪಿಗೆ ತಕ್ಕ ಉತ್ತರ ಮಾತ್ರ. ಗೋಡೆಯ ಒಳಗೆ ಹಸಿ ಇದ್ದೀತು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ತಪ್ಪನ್ನು ಬೇಕೆಂದು ಮಾಡುವುದು ಹೇಗೆ? ಅಂಥದ್ದನ್ನು ಹೇಳಬೇಕಾದರೆ, ಹೇಳುವವರಿಗೆ ನಿಮ್ಮ ಗೋಡೆ ತಮ್ಮದು ಎನ್ನಿಸಬೇಕು.

"ಅತ್ಗೆ," ಅಂದೆ. "ನಂಗೆ ಗೊತ್ತಿಲ್ಲ. ಗೋಡೆ ಹಾಳಾಯ್ತು. ಹೇಳ್ಕೊಡಿ."

ಅವರು ಮುಖ ತಿರುಗಿಸಿದರು.

"ಎರಡನೇ ಸಲ ಕೇಳ್ತಿದೀನಿ, ಹೇಳ್ಕೊಡಿ."

ಎಡಗೈ ಚಾಚಿದರು, ಎಬ್ಬಿಸು ಎಂದು. "ಮೊದ್ಲು ಅದನ್ನ ಕೆರಿ. ಪೂರ್ತಿ ಕೆರಿ. ಕಣ್ಣಲ್ಲಿ ನೋಡಕ್ಕಾಗಲ್ಲ."

ಬಲಮಗ್ಗುಲನ್ನು ಕೆರೆದು ತೆಗೆದೆವು. ತೆಳ್ಳಗೆ ಮತ್ತೊಮ್ಮೆ ಕೆಮ್ಮಣ್ಣು ಬಳಿಯುವ ಮೊದಲು ಗಾರೆ ಒಣಗಬೇಕಿತ್ತು. ಮೋಡ ಇನ್ನಷ್ಟು ಕೆಳಗಿಳಿದಿತ್ತು. ಚಿತ್ತಾರದಲ್ಲಿ ನಾನು ದಡ್ಡಿ ಇರಬಹುದು, ಸಾಮಾನು ಒದಗಿಸುವುದರಲ್ಲಿ ಅಲ್ಲ. ಅಂಗಡಿಗೆ ಫೋನು ಮಾಡಿ ಅಲ್ಲಿದ್ದ ಎರಡು ದೊಡ್ಡ ಸ್ಟ್ಯಾಂಡ್ ಫ್ಯಾನುಗಳನ್ನು ಆಟೋದಲ್ಲಿ ತರಿಸಿದೆ. ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದು ನೋಡಿ ಅತ್ತಿಗೆ ಮೊದಲ ಸಲ ನಕ್ಕರು.

"ಮದ್ಮಗಳಿಗಿಲ್ದ ಗಾಳಿ ಗೋಡೆಗೆ!"

ನಗು ಮುಗಿಯುವ ಮೊದಲೇ ಕರೆಂಟು ಹೋಯಿತು. ಫ್ಯಾನಿನ ರೆಕ್ಕೆಗಳು ನಿಧಾನವಾಗುವುದನ್ನು ಎಲ್ಲರೂ ನಿಂತು ನೋಡಿದೆವು. ಅಣ್ಣನ ಜೇಬಿನಲ್ಲಿ ಫೋನು ರಿಂಗಾಯಿತು. ಫ್ಲೆಕ್ಸಿನವನು. ಈಗ ಹೇಳಿದರೆ ಮಾತ್ರ ಬೆಳಗಾಗುವಷ್ಟರಲ್ಲಿ ಪ್ರಿಂಟ್ ಆಗುತ್ತದೆ ಎನ್ನುತ್ತಿದ್ದ, ದನಿ ನಮಗೂ ಕೇಳುತ್ತಿತ್ತು. ಅಣ್ಣ ಹೆಂಡತಿಯ ಮುಖ ನೋಡಿದ.

ಅತ್ತಿಗೆ ಬಚ್ಚಲಿನ ಕಡೆ ಕೈ ತೋರಿಸಿದರು. "ಬಚ್ಚಲೊಲೇಲಿ ಕೆಂಡ ಇದ್ದು. ದೊಡ್ಡ ಬಾಣ್ಲೇಲಿ ಹಾಕ್ಕಂಡ್ ಬನ್ನಿ. ಗೋಡೆಗೆ ತಾಗ್ಸದೆ ಹಿಡೀರಿ, ಮೇಲಿಂದ ಕೆಳಗೆ."

"ನಾನಾ?"

"ಮತ್ತೆ, ನಂಗೆ ಎರಡು ಕೈ ಇದ್ದಾವಾ?"

ಅಣ್ಣ ಫೋನಿಗೆ "ತಡಿ ಮಾರಾಯ, ಆಮೇಲೆ ಹೇಳ್ತೀನಿ" ಅಂದ. ಆ "ಆಮೇಲೆ" ನಮ್ಮೆಲ್ಲರ ಕುತ್ತಿಗೆಯ ಮೇಲೆ ಕೂತಿತು. ಅಣ್ಣ ಇಕ್ಕಳದಲ್ಲಿ ಬಾಣಲೆಯ ಅಂಚು ಹಿಡಿದು, ಬೆವರು ಸುರಿಸುತ್ತ, ಗೋಡೆಗೆ ಕಾವು ಕೊಡುತ್ತ ನಿಂತ. ಮದುವಣಗಿತ್ತಿ ಅರಿಶಿನ ಹಚ್ಚಿದ ಕೈಯಲ್ಲೇ ಮೊರ ಹಿಡಿದು ಗಾಳಿ ಹಾಕಿದಳು. ಕೆಮ್ಮಣ್ಣು ಬಳಿದೆವು, ಮತ್ತೆ ಕಾವು ಕೊಟ್ಟೆವು. ನಾನು ಬೆರಳು ಇಡಲು ಹೋದರೆ ಅತ್ತಿಗೆ ತಡೆದರು. "ಬೆರಳಲ್ಲ. ಕೆನ್ನೆ ಇಟ್ಟು ನೋಡು." ಕೆನ್ನೆ ಇಟ್ಟೆ. ಬೆರಳಿಗೆ ತಿಳಿಯದ ತಣ್ಣನೆಯ ಪಸೆ ಕೆನ್ನೆಗೆ ತಿಳಿಯಿತು. ಇನ್ನೂ ಕಾಯಬೇಕು. ಕಾದೆವು. ಕಾಯುವುದು ನನಗೆ ಒಗ್ಗದ ಕೆಲಸ. ಹೊತ್ತು ಇಳಿಯುತ್ತಿತ್ತು. ಮೂರನೇ ಸಲ ಕೆನ್ನೆ ಇಟ್ಟಾಗ ಗೋಡೆ ಬರೀ ಗೋಡೆಯಾಗಿತ್ತು.

ಕುಂಚ ಅದ್ದಿ ಎತ್ತಿದೆ. ಮೊದಲ ಗೆರೆಯೇ ಸೊಟ್ಟಗಾಯಿತು. ಈ ಸಲ ಬೇಕೆಂದು ಮಾಡಿದ್ದಲ್ಲ.

"ಒರ್ಸು," ಅಂದರು ಅತ್ತಿಗೆ. ಬೈಯಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ತಮ್ಮ ಎಡ ಅಂಗೈಯನ್ನು ನನ್ನ ಮೊಣಕೈಯ ಕೆಳಗಿಟ್ಟರು. "ಮಣಿಕಟ್ಟಿಂದ ಎಳೀಬೇಡ. ಇಲ್ಲಿಂದ ಎಳಿ."

"ಅತ್ಗೆ, ಈ ಸಾಲು ಮೊದ್ಲು ಮುಗಿಸಿದ್ರೆ ಬೇಗ—"

"ಬಾಯಿ ಮುಚ್ಕ."

ಬಾಯಿ ಮುಚ್ಚಿದೆ. ನಿಜ ಹೇಳಬೇಕೆಂದರೆ ಆ ಸಂಜೆಯವರೆಗೆ ನನಗೆ ನನ್ನ ತಲೆಯೊಳಗಿನ ಗದ್ದಲ ಕೇಳಿಸಿಯೇ ಇರಲಿಲ್ಲ. ಎಡ ಅರ್ಧ ಬರೆಯುವಾಗ ಒಂದೊಂದು ಗೆರೆಗೂ ಒಂದೊಂದು ಲೆಕ್ಕ ಹಾಕುತ್ತಿದ್ದೆ. ಇದಕ್ಕೆ ಏನು ಬೈಯಬಹುದು, ಅದರಿಂದ ಏನು ಸಿಗಬಹುದು ಎಂದು. ಈಗ ಅವರ ಅಂಗೈ ಎತ್ತಿದಲ್ಲಿ ಮೊಣಕೈ ಎದ್ದಿತು, ಇಳಿಸಿದಲ್ಲಿ ಇಳಿಯಿತು. ಆಮೇಲೆ ಯಾವಾಗಲೋ ಅಂಗೈಯ ಭಾರ ಇಲ್ಲ ಅನ್ನಿಸಿತು. ತಿರುಗಿ ನೋಡಲಿಲ್ಲ. ನೋಡಿದರೆ ಗೆರೆ ಹೋಗುತ್ತದೆ ಎಂಬ ಹೆದರಿಕೆ. ಗೋಡೆಯ ನಡುವಿಗೆಂದು ಉಳಿಸಿದ್ದ ಗಂಡು ಹೆಣ್ಣಿನ ಜೋಡಿಚಿತ್ರ ಬರೆಯುವ ಹೊತ್ತಿಗೆ ಕರೆಂಟು ಬಂತು. ಮರೆತಿದ್ದ ಫ್ಯಾನುಗಳು ಒಮ್ಮೆಲೇ ತಿರುಗಿದ್ದಕ್ಕೆ ಎಲ್ಲರೂ ಬೆಚ್ಚಿಬಿದ್ದರು. ಕುಂಚ ಮಾತ್ರ ಅಲುಗಲಿಲ್ಲ.

ಕೊನೆಯ ಮೂಲೆ ಕೂಡಿದಾಗ ಅಣ್ಣ ಬಾಣಲೆ ಕೆಳಗಿಟ್ಟು ಫೋನು ಮಾಡಿದ. "ಬೇಡ ಮಾರಾಯ. ಗೋಡೆ ಆತು." ಒಂದೇ ಮಾತು. ಆಮೇಲೆ ಅಂಗಳಕ್ಕೆ ಹೋಗಿ ಬಹಳ ಹೊತ್ತು ಮುಖ ತೊಳೆಯುತ್ತಿದ್ದ.

ಮದುವೆಯ ಬೆಳಿಗ್ಗೆ ದಿಬ್ಬಣ ಬಂತು. ಹೊಸನಗರದ ಅಜ್ಜಿ ಪಾನಕದ ಲೋಟ ಕೈಯಲ್ಲಿ ಹಿಡಿದೇ ಗೋಡೆಯ ಹತ್ತಿರ ಬಂದರು. ಅತ್ತಿಗೆ ಪಕ್ಕದಲ್ಲಿದ್ದರು, ನಾನು ಕಂಬದ ಮರೆಯಲ್ಲಿ. ಅಜ್ಜಿ ಗೋಡೆಗೆ ಮೂಗು ತಾಗುವಷ್ಟು ಬಗ್ಗಿ ಎಡದಿಂದ ಬಲಕ್ಕೆ ಹೋದರು. ಬಲದಿಂದ ಎಡಕ್ಕೆ ಬಂದರು. ಮತ್ತೆ ಬಲಕ್ಕೆ ಹೋದರು. ಜೋಲಿಯಲ್ಲಿದ್ದ ಕೈ ನೋಡಿದರು.

"ನಿನ್ ಕೈ ಅಲ್ಲ ಇದು," ಅಂದರು ಅತ್ತಿಗೆಗೆ. "ಇಬ್ರು ಬರ್ದಿದಾರೆ. ಈ ಮಗ್ಗುಲು ಬರ್ದವ್ಳು ಬೇರೆ, ಆ ಮಗ್ಗುಲು ಬರ್ದವ್ಳು ಬೇರೆ."

"ಒಬ್ಳೇ ಅಜ್ಜಿ. ನನ್ ನಾದಿನಿ. ನಾನೇ ಹೇಳ್ಕೊಟ್ಟೆ." ಅತ್ತಿಗೆ ನನ್ನನ್ನು ಕಂಬದ ಮರೆಯಿಂದ ಎಳೆದು ಮುಂದೆ ನಿಲ್ಲಿಸಿದರು. "ಎಡಗಡೆ ಬರಿಯೋವಾಗ ವ್ಯಾಪಾರ ಮಾಡ್ತಿದ್ಲು."

"ಬಲಗಡೆ?"

"ಬಲಗಡೆ ಸುಮ್ನಿದ್ಲು."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬರೋ ವರ್ಷ ನಮ್ ಮೊಮ್ಮಗಳ ಮದ್ವೆ ಇದ್ದು. ನನ್ ಕಣ್ಣು ಈಗ ಅಷ್ಟು ಸೂಕ್ಷ್ಮ ಇಲ್ಲೆ. ಇವ್ಳನ್ನ ಕಳ್ಸಿಕೊಡ್ತಿಯಾ?"

ನಾನು ಬಾಯಿ ತೆರೆದೆ. ಅತ್ತಿಗೆಯ ಎಡಗೈ ನನ್ನ ಮೊಣಕೈ ಹಿಡಿಯಿತು.

"ಒಂದ್ಸಲ ಕೇಳಿದ್ರೆ ಆಗಲ್ಲ ಅಜ್ಜಿ," ಅಂದರು ಅತ್ತಿಗೆ. "ಇನ್ನೊಂದ್ಸಲ ಕೇಳಿ."